ಲಂಡನ್ ಜನಸಂಖ್ಯೆ 8,600ವೋ, 88 ಲಕ್ಷವೋ?

ಪ್ರಶ್ನೆ: ಮಾನ್ಯರೇ, ಶಾಲೆಯ ಕ್ವಿಜ್‌ಗೆ ಪ್ರಶ್ನೆ ಸಿದ್ಧಪಡಿಸುತ್ತಿದ್ದೇನೆ. 2021ರ ಜನಗಣತಿ ಪ್ರಕಾರ ಸಿಟಿ ಆಫ್ ಲಂಡನ್‌ನ ಜನಸಂಖ್ಯೆ ಸುಮಾರು 8,600 ಎಂದು ಒಂದು ಕಡೆ ಓದಿದೆ. ಅದೇ ಗಣತಿಯದೇ ಅಂಕಿ, ಲಂಡನ್‌ಗೆ 88 ಲಕ್ಷ ಎಂದು ಇನ್ನೊಂದು ಕಡೆ ಇದೆ. ಅಚ್ಚಿನ ದೋಷವೇ? ಮಕ್ಕಳಿಗೆ ಯಾವುದನ್ನು ಹೇಳಲಿ?
– ಪ್ರೌಢಶಾಲಾ ಶಿಕ್ಷಕಿಯೊಬ್ಬರು

ಉತ್ತರ: ಮೇಡಂ, ಎರಡೂ ಸರಿ. ಸಿಟಿ ಆಫ್ ಲಂಡನ್ ಎಂದರೆ ಹಳೆಯ ರೋಮನ್ ಕೋಟೆಗೋಡೆಯ ಆಸುಪಾಸಿನ ಪುಟ್ಟ ಜಾಗ, 3 ಚದರ ಕಿ.ಮೀ. ಕೂಡ ಇಲ್ಲ. ಅದಕ್ಕೆ ತನ್ನದೇ ಸ್ಥಳೀಯ ಆಡಳಿತವಿದೆ. ಅದರ ಜೊತೆ 32 ಬರೋಗಳು (ಸ್ಥಳೀಯ ಆಡಳಿತ ವಿಭಾಗಗಳು) ಸೇರಿ 1965ರಲ್ಲಿ ಗ್ರೇಟರ್ ಲಂಡನ್ ಆಯಿತು. 88 ಲಕ್ಷ ಅದರ ಲೆಕ್ಕ.

ಊರಿನ ಜನಸಂಖ್ಯೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಗಡಿ ಎಲ್ಲಿದೆ ಅಂತ. 1998ರ ಜನವರಿ 1ರಂದು ಟೊರೊಂಟೊ ಸುತ್ತಲಿನ ಪೌರಾಡಳಿತಗಳನ್ನು ಅದರಲ್ಲೇ ವಿಲೀನ ಮಾಡಿದರು. ಸುಮಾರು ಆರೂವರೆ ಲಕ್ಷದ ನಗರ ರಾತ್ರೋರಾತ್ರಿ 24 ಲಕ್ಷದ್ದಾಯಿತು. ಯಾರೂ ಮನೆ ಬದಲಿಸಿರಲಿಲ್ಲ! ಆ ವರ್ಷದ ಹಿಂದಿನ, ಮುಂದಿನ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ‘ಬೆಳವಣಿಗೆ’ ಎಂದು ಬರೆದರೆ ಅದು ಶುದ್ಧ ತಪ್ಪು. ಚೀನಾದ ಚಾಂಗ್‌ಕಿಂಗ್ ಅನ್ನು ‘3.2 ಕೋಟಿ ಜನರ ಮಹಾನಗರ’ ಎಂದು ಬರೆಯುವುದನ್ನು ನೀವೂ ನೋಡಿರಬಹುದು. ಆ ಆಡಳಿತ ಪ್ರದೇಶದ ವಿಸ್ತೀರ್ಣ 82,000 ಚದರ ಕಿ.ಮೀ., ಬೆಟ್ಟ, ಹೊಲ, ಹಳ್ಳಿ ಎಲ್ಲ ಸೇರಿ.

ಸಾಂದ್ರತೆಯ ಕತೆಯೂ ಇದೇ. ಪ್ಯಾರಿಸ್‌ನಲ್ಲಿ ಚದರ ಕಿ.ಮೀ.ಗೆ ಸುಮಾರು 20,000 ಜನ, ಲಂಡನ್‌ನಲ್ಲಿ 5,600. ಆದರೆ ಪ್ಯಾರಿಸ್ ನಗರಸಭೆಯ ಗಡಿ ಬರೀ 105 ಚದರ ಕಿ.ಮೀ., ಗ್ರೇಟರ್ ಲಂಡನ್ ಅದರ ಹದಿನೈದು ಪಟ್ಟು ದೊಡ್ಡದು. ಪ್ಯಾರಿಸ್‌ನ ಉಪನಗರಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಆ 20,000 ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಇನ್ನು, ಎಣಿಸಿದ್ದು ಯಾರನ್ನು? ಆ 8,600 ಮಂದಿ ಸಿಟಿ ಆಫ್ ಲಂಡನ್‌ನಲ್ಲಿ ವಾಸವಿರುವವರು. ಕೆಲಸದ ದಿನ ಬ್ಯಾಂಕು, ವಕೀಲರ ಕಚೇರಿ ಎಂದು ಬರುವ ಉದ್ಯೋಗಿಗಳಿಗೆ ಸೇರಿದ ಹುದ್ದೆಗಳೇ ಐದು ಲಕ್ಷಕ್ಕೂ ಹೆಚ್ಚು. ಪೊಲೀಸರು, ಕಸ ತೆಗೆಯುವವರು ಇವರೆಲ್ಲರ ಕೆಲಸ ಮಾಡಬೇಕು. ಅಲ್ಲಿ ನಡೆದ ಅಪರಾಧಗಳನ್ನು ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಅದರಷ್ಟು ಭಯಾನಕ ಊರು ಬೇರೆಲ್ಲೂ ಇಲ್ಲ ಅನ್ನಿಸುತ್ತದೆ. ಆದ್ದರಿಂದಲೇ ಅಪರಾಧ ದರದ ಪಟ್ಟಿಗಳಿಂದ ಸಿಟಿಯನ್ನು ಹೊರಗಿಡುವುದುಂಟು. ಇನ್ನೊಂದು: ಬ್ರಿಟನ್ನಿನ ಗಣತಿಯಲ್ಲಿ ವಿದ್ಯಾರ್ಥಿಗಳನ್ನು ಎಣಿಸುವುದು ಓದುವ ಊರಿನಲ್ಲಿ, ತಂದೆತಾಯಿಯ ಮನೆಯಲ್ಲಲ್ಲ. ಕೇಂಬ್ರಿಜ್‌ನ ವಯೋಮಾನದ ನಕ್ಷೆಯಲ್ಲಿ ಇಪ್ಪತ್ತರ ಆಸುಪಾಸು ಉಬ್ಬಿರುವುದಕ್ಕೆ ಇದೇ ಕಾರಣ.

ಗಣತಿ ಹತ್ತು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಕಾಣುವುದು ಅಂದಾಜು: ಹುಟ್ಟಿದವರನ್ನು ಕೂಡಿ, ತೀರಿಕೊಂಡವರನ್ನು ಕಳೆದು, ಬಂದವರು ಹೋದವರ ಲೆಕ್ಕ ಸೇರಿಸುವುದು. ಜನನ, ಮರಣ ನೋಂದಣಿಯಾಗುತ್ತವೆ, ತೊಂದರೆಯಿಲ್ಲ. ಬಂದು ಹೋಗುವವರದ್ದೇ ಪೇಚು. ಇಂಗ್ಲೆಂಡಿನಲ್ಲಿ ದೇಶದೊಳಗಿನ ವಲಸೆಯನ್ನು ಬಹುಮಟ್ಟಿಗೆ ವೈದ್ಯರ ಬಳಿಯ ರೋಗಿಗಳ ನೋಂದಣಿಯಿಂದ ಅಂದಾಜಿಸುತ್ತಾರೆ. ಗಟ್ಟಿಮುಟ್ಟಾಗಿರುವ ಇಪ್ಪತ್ತೈದರ ಹುಡುಗ ಹೊಸ ಊರಿಗೆ ಬಂದ ಕೂಡಲೇ ವೈದ್ಯರನ್ನು ಯಾಕೆ ಹುಡುಕುತ್ತಾನೆ? ವಿಳಾಸ ಬದಲಿಸದ ಅವನು ಎಷ್ಟೋ ಕಾಲ ಹಳೆಯ ಊರಿನ ಲೆಕ್ಕದಲ್ಲೇ ಉಳಿದಿರುತ್ತಾನೆ. ಹೀಗೆ ಯುವಕರು ಹೆಚ್ಚಾಗಿ ಬಂದು ಹೋಗುವ ನಗರದಲ್ಲಿ ಗಣತಿಯಿಂದ ದೂರ ಸರಿದಷ್ಟೂ ಅಂದಾಜು ಸಡಿಲವಾಗುತ್ತದೆ. ಅಂಥ ಅಂಕಿಯನ್ನು ಕೊನೆಯ ಅಂಕೆಯವರೆಗೂ ಬಾಯಿಪಾಠ ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಿಮ್ಮ ಕ್ವಿಜ್‌ನಲ್ಲಿ ‘ಲಂಡನ್ ಜನಸಂಖ್ಯೆ ಎಷ್ಟು?’ ಬೇಡ. ಎರಡೂ ಅಂಕಿ ಹಲಗೆ ಮೇಲೆ ಬರೆದು, ಇವು ಹೇಗೆ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂದು ಕೇಳಿ. ಹತ್ತನೇ ತರಗತಿಯ ಮಕ್ಕಳು ಖಂಡಿತ ಉತ್ತರ ಹುಡುಕುತ್ತಾರೆ.