ಅವ್ವ ಇಲ್ಲದ ಮೊದಲ ಕ್ರಿಸ್ಮಸ್, ಅದೂ ಮಲಾವಿಯಲ್ಲಿ

ಪ್ರಶ್ನೆ: ನನಗೆ 63 ವರ್ಷ, ನಿವೃತ್ತ ನರ್ಸ್. ನಮ್ಮವರಿಗೆ 68. ಧಾರವಾಡದವರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಮಕ್ಕಳ ಮದುವೆ ಮುಗಿಸಿ, ಕೈಕಾಲು ಗಟ್ಟಿ ಇರುವಾಗಲೇ ಎರಡು ವರ್ಷ ಸೇವೆ ಮಾಡೋಣವೆಂದು ಆಫ್ರಿಕಾದ ಮಲಾವಿಗೆ ಬಂದೆವು. ಇಲ್ಲಿನ ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಹುಡುಗಿಯರಿಗೆ ಕಲಿಸುತ್ತೇನೆ, ಅವರು ಲೆಕ್ಕಪತ್ರ ನೋಡುತ್ತಾರೆ. ಇದು ಇಲ್ಲಿ ನಮ್ಮ ಎರಡನೇ ಕ್ರಿಸ್ಮಸ್. ಹೋದ ಸಲ ಒಬ್ಬಳೇ ಕರ್ಜಿಕಾಯಿ ಮಾಡಿ, ಒಬ್ಬಳೇ ಅತ್ತು ಹಬ್ಬ ಕಳೆದೆ. ಹುಬ್ಬಳ್ಳಿಯಲ್ಲಿರುವ ಮಗಳು ಈ ಸಲ ಬರಲೇಬೇಕೆಂದು ಹಟ ಹಿಡಿದಿದ್ದಾಳೆ. ಏಳು ವರ್ಷದ ಮೊಮ್ಮಗ ಫೋನಿನಲ್ಲಿ, "ಅಜ್ಜಿ, ದೇವರಿಗೆ ಅಲ್ಲಿ ಬೇರೆ ಯಾರೂ ಸಿಗಲಿಲ್ಲೇನು?" ಅಂತ ಕೇಳಿದ. ನಮ್ಮವರು, "ದೇವರು ಕರೆದನೆಂದು ಬಂದ ಮೇಲೆ ಮುಗಿಸಿಯೇ ಹೋಗಬೇಕು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಜುಲೈನಲ್ಲಿ ನಮ್ಮ ಅವ್ವ ತೀರಿಕೊಂಡಳು, ಹೋಗಲು ಆಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲೇ ನೋಡಿದೆ. ದೇವರ ಕೆಲಸಕ್ಕೆಂದು ಬಂದು ಹೀಗೆ ದಿನಾ ಅಳುವ ನನ್ನ ನಂಬಿಕೆಯೇ ಕಡಿಮೆಯಾಯಿತೇ? ಹಬ್ಬಕ್ಕೆ ನಾನೊಬ್ಬಳೇ ಊರಿಗೆ ಹೋಗಲೇ, ಇಲ್ಲೇ ಉಳಿಯಲೇ?

ಉತ್ತರ: ಅಕ್ಕಾ, ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಮೊಟಕು ಮಾಡಿದ್ದೇನೆ. ಟಿಕೆಟ್ ದರ, ರಜೆ, ಮಗಳ ಸಿಟ್ಟು, ಯಜಮಾನರ ಹಟ, ಇವುಗಳಿಗೇ ಮೂರೂವರೆ ಪುಟ ಹೋಗಿದೆ. ಅವ್ವನಿಗೆ ನೀವು ಕೊಟ್ಟದ್ದು ಎರಡು ಸಾಲು. ಎರಡನೇ ಸಾಲಿನ ಕೊನೆಗೆ ಶಾಯಿ ಹರಡಿದೆ. ಪತ್ರ ಕೆಳಗಿಟ್ಟ ಮೇಲೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಕಲೆ.

ಹಾಗಾಗಿ ಹೋಗಲೇ ಇರಲೇ ಅನ್ನುವುದನ್ನು ಸ್ವಲ್ಪ ಬದಿಗಿಡೋಣ. ನೀವು ಹೊತ್ತು ಬಂದಿರುವುದು ಒಂದು ಗಂಟಲ್ಲ, ಎರಡು. ಹಬ್ಬದ ದಿನ ಮಕ್ಕಳು ಮೊಮ್ಮಕ್ಕಳು ಹತ್ತಿರ ಇಲ್ಲ ಎಂಬುದು ಒಂದು. ತಾಯಿಯ ಮಣ್ಣಿಗೆ ಒಂದು ಹಿಡಿ ಮಣ್ಣು ಹಾಕಲು ಆಗಲಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಬಗೆಹರಿಸಲು ನೋಡುತ್ತಿದ್ದೀರಿ. ಡಿಸೆಂಬರ್ 25ಕ್ಕೆ ಊರು ತಲುಪಿದಿರಿ ಅಂತಿಟ್ಟುಕೊಳ್ಳಿ. ಮನೆ ತುಂಬ ಜನ, ಮಕ್ಕಳ ಗದ್ದಲ, ಬಿರಿಯಾನಿ, ಹೊಸ ಬಟ್ಟೆ. ಎಲ್ಲರೂ ನಗಲೆಂದು ಸೇರಿರುವ ದಿನ ನೀವು ಅಡುಗೆಮನೆಯ ಮೂಲೆಯಲ್ಲಿ ಅವ್ವನ ಮಣೆ ನೋಡಿ ಕಣ್ಣು ಒರೆಸಿಕೊಳ್ಳುತ್ತೀರಿ, ಯಾರಾದರೂ ಬಂದರೆ ಈರುಳ್ಳಿ ಹೆಚ್ಚುತ್ತಿದ್ದೆ ಅನ್ನುತ್ತೀರಿ. ಸತ್ತವರಿಗಾಗಿ ಅಳಲು ಹಬ್ಬದ ಮನೆಯಲ್ಲಿ ಜಾಗ ಸಿಗುವುದು ಕಷ್ಟ.

ನಂಬಿಕೆಯ ಮಾತಿಗೆ ಬರುತ್ತೇನೆ. ನಾನು ನಿಮ್ಮ ಧರ್ಮದವಳಲ್ಲ, ಆದರೂ ಧಾರವಾಡದಲ್ಲಿ ಓದಿದವಳಾದ್ದರಿಂದ ನಿಮ್ಮ ಮಿಷನ್ನಿನ ಕಥೆ ತಕ್ಕಮಟ್ಟಿಗೆ ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದವರು 1837ಕ್ಕೆ ಧಾರವಾಡದಲ್ಲಿ ನೆಲೆ ನಿಂತರು. ಅವರು ಕಟ್ಟಿದ ಶಾಲೆ, ಅಚ್ಚು ಹಾಕಿದ ಪುಸ್ತಕ, ಕಿಟೆಲ್ ನಿಘಂಟು ಎಲ್ಲವನ್ನೂ ನಾವು ನೆನೆಯುತ್ತೇವೆ. ಆ ಮನೆಗಳ ತಾಯಂದಿರನ್ನು ನೆನೆಯುವುದು ಕಡಿಮೆ. ಕಿಟೆಲ್ ಭಾರತಕ್ಕೆ ಬಂದಿಳಿದ 1853ರಲ್ಲೇ ಬಾಸೆಲ್‌ನಲ್ಲಿ ಮಿಷನರಿಗಳ ಮಕ್ಕಳಿಗಾಗಿ ಒಂದು ವಸತಿಮನೆ ಶುರುವಾಯಿತು. ಮಕ್ಕಳನ್ನು ಆರೇಳು ವರ್ಷಕ್ಕೇ ಇಲ್ಲಿಂದ ಯೂರೋಪಿಗೆ ಕಳಿಸಿಬಿಡಬೇಕಿತ್ತು, ಅದು ಮಿಷನ್ನಿನ ಕಟ್ಟಳೆ. ನಿಮ್ಮ ಮೊಮ್ಮಗನ ವಯಸ್ಸು ಅದು. ಹಡಗು ಹತ್ತಿಸಿ ಬಂದ ತಾಯಿಗೆ ಆ ಮಗು ಮತ್ತೆ ಸಿಕ್ಕರೆ ಎಷ್ಟೋ ವರ್ಷಗಳ ಮೇಲೆ ಸಿಗಬೇಕು, ಸಿಕ್ಕಾಗ ಗುರುತೂ ಹತ್ತಬೇಕು. ಅಂಥ ತಾಯಿ ಧಾರವಾಡದ ಹಂಚಿನ ಮನೆಯಲ್ಲಿ ಕ್ರಿಸ್ಮಸ್ ರಾತ್ರಿ ಅತ್ತಿದ್ದರೆ, ಅವಳ ನಂಬಿಕೆ ಸಡಿಲಾಗಿತ್ತು ಅಂತ ನೀವು ಹೇಳುತ್ತೀರಾ? ಹೇಳುವುದಿಲ್ಲ. ಅವಳಿಗೆ ಕೊಡುವ ಮರ್ಯಾದೆಯನ್ನು ನಿಮಗೂ ಕೊಟ್ಟುಕೊಳ್ಳಿ.

ಈಗ ನನ್ನ ಒಂದು ವಿಷಯ ಹೇಳಬೇಕು. ಪತಿಯ ಕೆಲಸದ ನಿಮಿತ್ತ ನಾನು ಮೂರು ವರ್ಷ ಮಲಾವಿಯದೇ ಬ್ಲಾಂಟೈರ್ ನಗರದಲ್ಲಿದ್ದೆ. ಹಾಗಾಗಿ ನಿಮ್ಮ ಪತ್ರದ ಮಳೆ, ಕೆಂಪು ಮಣ್ಣು, ಡಿಸೆಂಬರಿನಲ್ಲಿ ದಾರಿ ಪಕ್ಕ ಬುಟ್ಟಿ ಬುಟ್ಟಿ ಮಾವಿನಹಣ್ಣು ಎಲ್ಲ ನನಗೂ ಕಂಡದ್ದೇ. ಅಲ್ಲಿದ್ದಾಗಲೇ ನಮ್ಮ ಅಪ್ಪ ಹೋದರು. ನನಗೂ ಬರಲಾಗಲಿಲ್ಲ. ಸುದ್ದಿ ಬಂದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತಿದ್ದೆ. ನಮ್ಮ ಕಾವಲುಗಾರನ ಹೆಂಡತಿಗೆ ಅದು ಹೇಗೆ ತಿಳಿಯಿತೋ, ಸಂಜೆಗೆ ಹತ್ತು ಹನ್ನೊಂದು ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರೂ ಸೊಂಟಕ್ಕೆ ಚಿತೆಂಜೆ ಎಂಬ ಅಲ್ಲಿನ ಬಣ್ಣದ ಬಟ್ಟೆ ಸುತ್ತಿದ್ದರು. ಒಬ್ಬಳು ಮೆಕ್ಕೆಜೋಳದ ಹಿಟ್ಟಿನ ಸಣ್ಣ ಗಂಟು ಅಡುಗೆಮನೆಯಲ್ಲಿಟ್ಟಳು. ಇನ್ನೊಬ್ಬಳು ಸೌದೆ ತಂದಿದ್ದಳು, ನಮ್ಮಲ್ಲಿ ಗ್ಯಾಸ್ ಒಲೆ ಇದೆ ಎಂದು ಗೊತ್ತಿದ್ದೂ ತಂದಿದ್ದಳು, ಸಾವಿನ ಮನೆಗೆ ಬರಿಗೈಲಿ ಹೋಗಬಾರದು ಎಂದು. ಕುರ್ಚಿ ತೋರಿಸಿದರೂ ಕೂರದೆ ನೆಲದ ಮೇಲೆ ಕಾಲು ಚಾಚಿ ಕುಳಿತರು. "ಪೆಪಾನಿ", ಅಂದರೆ ನಿಮ್ಮ ನೋವಿಗೆ ನಮಗೂ ಸಂಕಟ, ಅಂದರು ಒಬ್ಬೊಬ್ಬರಾಗಿ. ಆಮೇಲೆ ಮಾತಿಲ್ಲ. ಕತ್ತಲಾದ ಮೇಲೆ ಮೆಲ್ಲಗೆ ಹಾಡಿದರು. ಚಿಚೆವಾ ಭಾಷೆಯ ಹಾಡು, ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಇಬ್ಬರು ಅಲ್ಲೇ ಚಾಪೆ ಹಾಸಿ ಮಲಗಿದರು. ನಾನು ಅತ್ತದ್ದು ಅವತ್ತು ರಾತ್ರಿ. ಅಪ್ಪ ಯಾರು, ನನ್ನ ದೇವರು ಯಾವುದು, ಒಂದನ್ನೂ ಅವರು ಕೇಳಲಿಲ್ಲ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. "ಇಲ್ಲಿನವರಿಗೆ ಅವ್ವನ ವಿಷಯ ಹೇಳಿಲ್ಲ, ಅವರ ಕಷ್ಟವೇ ಅವರಿಗೆ ಬೇಕಾದಷ್ಟಿದೆ, ನಾವು ಸಮಾಧಾನ ಹೇಳಲು ಬಂದವರು" ಎಂದು ನೀವು ಮೂರನೇ ಪುಟದಲ್ಲಿ ಬರೆದಿದ್ದೀರಿ. ಅಕ್ಕಾ, ನನಗೆ ತಪ್ಪು ಕಂಡದ್ದು ಇಲ್ಲೊಂದೇ ಕಡೆ. ಸಾವಿನ ಮನೆಯಲ್ಲಿ ಹೇಗೆ ಕೂರಬೇಕು ಎಂಬುದನ್ನು ಆ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರನ್ನು ನಾನು ಎಲ್ಲೂ ಕಂಡಿಲ್ಲ. ಐದು ತಿಂಗಳಿಂದ ನೀವು ಅವರ ನಡುವೆಯೇ ಇದ್ದು, ಅವರಿಗೆ ಬಾಗಿಲು ಹಾಕಿಕೊಂಡಿದ್ದೀರಿ. ನಿಮ್ಮ ವಾರ್ಡಿನ ಹಿರಿಯ ನರ್ಸ್ ಬಗ್ಗೆ ಬರೆದಿದ್ದೀರಲ್ಲ, ನಿಮ್ಮನ್ನು "ಅಗೊಗೊ" ಎಂದು ಕರೆಯುವವರು, ಅವರಿಗೆ ನಾಳೆಯೇ ಹೇಳಿ. ಅಜ್ಜಿ ಎಂದು ಕರೆಯುವವರಿಗೆ ಅಜ್ಜಿಯ ದುಃಖ ಗೊತ್ತಿರಬೇಡವೇ? "ಜುಲೈನಲ್ಲಿ ನಮ್ಮ ತಾಯಿ ತೀರಿಕೊಂಡರು" ಎಂದಷ್ಟು ಹೇಳಿ ಸುಮ್ಮನಿರಿ. ತಡವಾಯಿತು ಎಂದು ಅವರು ಬೈಯಬಹುದು, ಬೈಯಲಿ.

ಹೋದ ಕ್ರಿಸ್ಮಸ್ಸಿಗೆ ಅದೇ ನರ್ಸ್ ಊಟಕ್ಕೆ ಕರೆದಾಗ ಬೇಡ ಅಂದಿರಿ. ಅಲ್ಲಿ ಮೆಕ್ಕೆಜೋಳ ಕಟಾವಿಗೆ ಬರುವುದು ಏಪ್ರಿಲ್ ಹೊತ್ತಿಗೆ. ಡಿಸೆಂಬರ್ ಎಂದರೆ ಹಳೆಯ ಜೋಳ ತಳ ಕಾಣುವ ಕಾಲ, ಅವರ ತುತ್ತು ಕಸಿಯುವುದು ಬೇಡ ಎಂದುಕೊಂಡಿರಿ. ನಿಮ್ಮ ಮನಸ್ಸು ದೊಡ್ಡದು. ಆದರೆ ಅವರ ಕಡೆಯಿಂದಲೂ ನೋಡಿ. ಅನ್ನ ಕೋಳಿ ಅಲ್ಲಿನ ಬಡವರ ಮನೆಯಲ್ಲಿ ಹಬ್ಬದ ಊಟ, ಆ ಒಂದು ಕೋಳಿಯನ್ನು ತಿಂಗಳುಗಟ್ಟಲೆ ಸಾಕಿರುತ್ತಾರೆ. ನಮ್ಮ ಹಳ್ಳಿಗಳಲ್ಲೂ ಬಡವರ ಮನೆಯ ರೊಟ್ಟಿ ಬೇಡ ಅಂದರೆ ಎಷ್ಟು ನೋವಾಗುತ್ತದೆ ಎಂಬುದು ಹೊಲ ಮನೆ ಕಂಡ ನಿಮಗೆ ಹೇಳಬೇಕಾಗಿಲ್ಲ. ಜೀವನವಿಡೀ ಕೊಟ್ಟೇ ರೂಢಿಯಾದ ಕೈ ನಿಮ್ಮದು. ಈ ಸಲ ಅವರ ಮನೆಗೆ ಹೋಗಿ, ನೆಲದ ಮೇಲೆ ಕುಳಿತು, ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಇಟ್ಟರೆ ನಮ್ಮ ಸಂಗಟಿಯಂತೆಯೇ ಕೈಯಲ್ಲಿ ಮುರಿದು ಎರಡು ತುತ್ತು ತಿಂದು ಬನ್ನಿ. ಹೋಗುವಾಗ ಅಕ್ಕಿ, ಎಣ್ಣೆ, ಸಕ್ಕರೆ ಒಯ್ದರೆ ಯಾರೂ ಬೇಡ ಅನ್ನುವುದಿಲ್ಲ.

ಕರ್ಜಿಕಾಯಿಯನ್ನೂ ಒಬ್ಬರೇ ಕೂತು ಮಾಡಬೇಡಿ. ಹೋದ ವರ್ಷ ಅವ್ವ ಫೋನಿನಲ್ಲಿ, "ಹೂರಣ ಒಣಾ ಇರ್ಲಿ, ಇಲ್ಲಾಂದ್ರ ಎಣ್ಣ್ಯಾಗ ಬಾಯಿ ಬಿಡ್ತಾವ" ಅಂದದ್ದನ್ನು ನೀವು ಬರೆದಿದ್ದೀರಿ. ಆ ಮಾತು ಈ ಸಲ ಯಾರೂ ಹೇಳುವುದಿಲ್ಲ ಎಂಬ ಭಯಕ್ಕೆ ಒಲೆ ಹಚ್ಚುವುದೇ ಬೇಡ ಅನಿಸಿದೆ ನಿಮಗೆ. ಆ ಮಾತನ್ನು ಈಗ ಹೇಳಬೇಕಾದವರು ನೀವು. ನಿಮ್ಮ ನರ್ಸಿಂಗ್ ಹುಡುಗಿಯರಲ್ಲಿ ರಜೆಗೆ ಊರಿಗೆ ಹೋಗದೆ ಉಳಿದವರನ್ನು 23ನೇ ತಾರೀಖು ಮನೆಗೆ ಕರೆಯಿರಿ. ಒಬ್ಬಳು ಲಟ್ಟಿಸಲಿ, ಒಬ್ಬಳು ತುಂಬಲಿ, ಅಂಚು ಮಡಚುವುದನ್ನು ನೀವೇ ಕಲಿಸಿ. ಮಳೆಗಾಲದ ತೇವಕ್ಕೆ ಅಲ್ಲಿ ಹೂರಣ ಬೇಗ ಹಸಿಯಾಗುತ್ತದೆ, ಕೊಬ್ಬರಿಯನ್ನು ಸ್ವಲ್ಪ ಹೆಚ್ಚೇ ಹುರಿದುಕೊಳ್ಳಿ. ಅವ್ವನ ಮಾತನ್ನು ಧಾರವಾಡದ ಕನ್ನಡದಲ್ಲೇ ಹೇಳಿ, ಹುಡುಗಿಯರು ನಗುತ್ತಾರೆ, ಆಮೇಲೆ ಅದು ಯಾರ ಮಾತು ಎಂದು ಕೇಳುತ್ತಾರೆ. ಹೇಳಿ.

ಫೋನಿನ ಹೊತ್ತನ್ನೂ ಬದಲಿಸಿ. ಊರಿಗೂ ನಿಮಗೂ ಮೂರೂವರೆ ತಾಸಿನ ಅಂತರ. ಹೋದ ವರ್ಷ ನೀವು ಆರಾಧನೆ ಮುಗಿಸಿ ಹನ್ನೆರಡಕ್ಕೆ ಫೋನ್ ಮಾಡಿದಿರಿ. ಆಗ ಹುಬ್ಬಳ್ಳಿಯಲ್ಲಿ ಮೂರೂವರೆ, ಉಂಡವರೆಲ್ಲ ಅಡ್ಡಾಗಿರುವ ಹೊತ್ತು. ನಾಲ್ಕು ನಿಮಿಷಕ್ಕೆ ಮಾತು ಮುಗಿಯಿತು ಅಂತ ನೊಂದುಕೊಂಡಿದ್ದೀರಿ, ಮಗಳಿಗೆ ಪ್ರೀತಿ ಕಡಿಮೆಯಾಗಿ ಅಲ್ಲ ಅದು. ಹಬ್ಬದ ದಿನದ ಫೋನನ್ನು ಶುಭಾಶಯಕ್ಕೆ ಬಿಡಿ. ಮಾತಾಡುವ ಫೋನು 23ರ ಮಧ್ಯಾಹ್ನ ಇರಲಿ, ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ಆ ಕಡೆ ಮಗಳೂ ಕರ್ಜಿಕಾಯಿಗೆ ಕೂತಿರಲಿ. ಕೈ ಕೆಲಸ ಮಾಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಅವಳ ಸಿಟ್ಟಿನಲ್ಲೂ ಅಜ್ಜಿಯನ್ನು ಕಳೆದುಕೊಂಡ ದುಃಖ ಇದೆ ಎಂದು ನನಗೆ ಅನಿಸುತ್ತದೆ. ಮಣ್ಣಿನ ದಿನ ನಿಮ್ಮ ಜಾಗದಲ್ಲಿ ನಿಂತವಳು ಅವಳು. ಅದಕ್ಕೆ ನೀವು ಇನ್ನೂ ಒಂದು ಮಾತು ಹೇಳಿದಂತೆ ಕಾಣಲಿಲ್ಲ, ಪತ್ರದಲ್ಲಂತೂ ಇಲ್ಲ. "ನನ್ನ ಬದಲಿಗೆ ನೀನು ನಿಂತೆ" ಎಂದು ಹೇಳಿ.

ಇನ್ನು ಯಜಮಾನರು. ಅತ್ತೆ ತೀರಿಕೊಂಡ ದಿನ, "ದೇವರು ಕರೆದುಕೊಂಡ, ನಾವು ನಮ್ಮ ಕೆಲಸ ಮಾಡೋಣ" ಎಂದು ಆಫೀಸಿಗೆ ಹೋದರಂತೆ. ಅದನ್ನು ನೀವು ಕಲ್ಲುಮನಸ್ಸು ಅಂದುಕೊಂಡಿದ್ದೀರಿ. ಇರಲಾರದು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವರು ಅವತ್ತಿನಿಂದ ರಾತ್ರಿ ಊಟಕ್ಕೆ ಮೊದಲು ನಿಮ್ಮ ಅವ್ವನ ಇಷ್ಟದ ಸಂಗೀತವನ್ನೇ ಹಾಡುತ್ತಾರೆ ಎಂದೂ ನೀವೇ ಬರೆದಿದ್ದೀರಿ. ಕ್ರಿಸ್ಮಸ್ ಕಥೆ ಶುರುವಾಗುವುದೇ ಒಂದು ಮುದಿ ದಂಪತಿಯಿಂದ ಅಲ್ಲವೇ ಅಕ್ಕಾ, ಜಕರೀಯ ಮತ್ತು ಎಲಿಸಬೇತ್. ಜಕರೀಯನಿಗೆ ಮಾತೇ ನಿಂತುಹೋಗಿತ್ತು. ಮಗುವಿಗೆ ಹೆಸರಿಡುವ ಹೊತ್ತಿಗೆ ಹಲಗೆ ತರಿಸಿಕೊಂಡು ಬರೆದ. ನಿಮ್ಮವರೂ ಬಾಯಲ್ಲಿ ಹೇಳಲಾಗದವರಿರಬಹುದು, ಲೆಕ್ಕಪತ್ರದ ಮನುಷ್ಯ ಬೇರೆ. ಹೋಗಬೇಕೋ ಬೇಡವೋ ಎಂಬ ವಾದ ಅವರ ಮುಂದೆ ಇಡಬೇಡಿ, ಅದಕ್ಕೆ ಅವರ ಬಳಿ ಉತ್ತರ ಸಿದ್ಧವಾಗಿದೆ. "ನನಗೆ ಅವ್ವನ ಸಮಾಧಿ ನೋಡಬೇಕು" ಎಂದು ಒಂದು ಚೀಟಿಯಲ್ಲಿ ಬರೆದು ಅವರ ಲೆಕ್ಕದ ಪುಸ್ತಕದಲ್ಲಿಡಿ. ಅದಕ್ಕೆ ಅವರು ಏನು ಬರೆಯುತ್ತಾರೋ ನೋಡಿ.

ಹೋಗುವ ವಿಷಯ. ಈ ಕ್ರಿಸ್ಮಸ್ಸಿಗೆ ಅಲ್ಲೇ ಇರಿ. ಆದರೆ ಜನವರಿಯ ಎರಡನೇ ವಾರ, ಆಸ್ಪತ್ರೆಯ ಸ್ಥಳೀಯ ಸಿಬ್ಬಂದಿ ಹಬ್ಬ ಮುಗಿಸಿ ಮರಳಿದ ಮೇಲೆ, ಮೂರು ವಾರ ಊರಿಗೆ ಬನ್ನಿ. ಹಬ್ಬದ ನೂಕುನುಗ್ಗಲು ಕಳೆದ ಮೇಲೆ ಟಿಕೆಟ್ ದರವೂ ಸಾಮಾನ್ಯವಾಗಿ ಇಳಿದಿರುತ್ತದೆ. ಅದು ಮಳೆ ಜೋರಾಗಿ ಮಲೇರಿಯಾ ರೋಗಿಗಳು ಹೆಚ್ಚುವ ಕಾಲ, ಹೋಗುವುದು ಹೇಗೆ ಎಂದು ಯಜಮಾನರು ಕೇಳಬಹುದು, ಕೇಳುವುದು ಸರಿಯೂ ಹೌದು. ಆದರೆ ನೀವು ಅಲ್ಲಿಗೆ ಹೋದದ್ದು ಕಲಿಸಲು. ಒಂದೂವರೆ ವರ್ಷ ನಿಮ್ಮ ಕೈಕೆಳಗೆ ಕಲಿತ ಹುಡುಗಿಯರು ಮೂರು ವಾರ ವಾರ್ಡ್ ನಡೆಸಬಲ್ಲರು, ಅವರ ಮೇಲೆ ಅಷ್ಟು ಭರವಸೆ ಇಡಿ. ಯಜಮಾನರು ಜೊತೆಗೆ ಬಂದರೆ ಸಂತೋಷ. ಬರದಿದ್ದರೆ ನೀವೊಬ್ಬರೇ ಬನ್ನಿ, ಅದನ್ನು ಸೇವೆ ಬಿಟ್ಟು ಓಡಿದ್ದು ಎಂದು ಯಾರಿಗೂ ಅನ್ನಲು ಬಿಡಬೇಡಿ. ಒಂಟಿಯಾಗಿ ಉಳಿಯುವ ಅವರ ಬಿ.ಪಿ. ಮಾತ್ರೆಯ ಉಸ್ತುವಾರಿಯನ್ನು ಆ ಹಿರಿಯ ನರ್ಸಿಗೆ ಒಪ್ಪಿಸಿ ಬನ್ನಿ.

ಊರಿಗೆ ಬಂದ ಮೊದಲ ದಿನ ಯಾರನ್ನೂ ಕಟ್ಟಿಕೊಳ್ಳದೆ, ಮಗಳೊಬ್ಬಳನ್ನೇ ಕರೆದುಕೊಂಡು ಸಮಾಧಿಗೆ ಹೋಗಿ. ಎಷ್ಟು ಹೊತ್ತು ಬೇಕೋ ಅಷ್ಟು ಕೂತುಕೊಳ್ಳಿ.

ಮೊಮ್ಮಗನಿಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ದೇವರಿಗೆ ಅಲ್ಲಿ ಬಹಳ ಜನ ಸಿಕ್ಕಿದ್ದಾರೆ, ಅವರ ಜೊತೆ ಅಜ್ಜಿಯೂ ಸ್ವಲ್ಪ ದಿನ ಕೈಜೋಡಿಸಿದ್ದಾಳೆ, ಅಜ್ಜಿಗೂ ನಿನ್ನ ನೆನಪಾಗಿ ಅಳು ಬರುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಿ. ಏಳು ವರ್ಷದವನಿಗೆ ಅದು ಅರ್ಥವಾಗುತ್ತದೆ. ಟಿಕೆಟ್ ಆದ ಮೇಲೆ ತಾರೀಖನ್ನು ಮೊದಲು ಅವನಿಗೇ ತಿಳಿಸಿ, ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕಿಕೊಳ್ಳಲಿ.