ಆತಂಕದ ಮಾತ್ರೆ ಇಳಿಸುತ್ತಿರುವಾಗ ನಿದ್ದೆಗೆಂದು ಇನ್ನೊಂದು ಮಾತ್ರೆ ತೆಗೆದುಕೊಳ್ಳಬಹುದೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಕೆಲವು ವರ್ಷಗಳಿಂದ ಆಲ್‌ಪ್ರಜೋಲಾಮ್ ತೆಗೆದುಕೊಳ್ಳುತ್ತಿದ್ದಿರಿ. ಈಗ ವೈದ್ಯರ ಸಲಹೆಯಂತೆ ಬಿಡಲು ಹೊರಟಿದ್ದೀರಿ, ಎರಡು ತಿಂಗಳಲ್ಲಿ ಪ್ರಮಾಣ ಅರ್ಧಕ್ಕೆ ಇಳಿದಿದೆ. ಹಗಲು ಹೇಗೋ ಸಾಗುತ್ತದೆ, ರಾತ್ರಿ ಮಾತ್ರ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಮನೆಯವರಿಗೆ ಹಿಂದೊಮ್ಮೆ ಬರೆದುಕೊಟ್ಟಿದ್ದ ಜೋಲ್ಪಿಡೆಮ್ ಮಾತ್ರೆಗಳು ಉಳಿದಿವೆ, ಇಳಿಸುವುದು ಮುಗಿಯುವ ತನಕ ಅವನ್ನು ನುಂಗಿದರೆ ಏನಾದೀತು ಎಂದು ಕೇಳಿದ್ದೀರಿ.

ದಯವಿಟ್ಟು ನುಂಗಬೇಡಿ. ನಾನು ವೈದ್ಯೆಯಲ್ಲ. ಕ್ಲೋನಜೆಪಾಮ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡು, ಮನೋವೈದ್ಯರ ನಿಗಾದಲ್ಲಿ ನಿಧಾನವಾಗಿ ಬಿಟ್ಟವಳು. ನೀವು ಈಗ ಕಳೆಯುತ್ತಿರುವ ರಾತ್ರಿಗಳನ್ನು ನಾನೂ ಕಳೆದಿದ್ದೇನೆ. ಆದ್ದರಿಂದ ಬರೀ 'ಬೇಡ' ಎಂದು ಹೇಳಿ ಸುಮ್ಮನಾಗಲು ಮನಸ್ಸಾಗುತ್ತಿಲ್ಲ.

ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್, ಲೋರಾಜೆಪಾಮ್, ಡಯಾಜೆಪಾಮ್ ಎಲ್ಲವೂ ಬೆಂಜೋಡಯಾಜೆಪೀನ್ ಎಂಬ ಒಂದೇ ಗುಂಪಿನವು. ಮಿದುಳಿನಲ್ಲಿ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವಿದೆ. ಅದರ ಸಂಕೇತವನ್ನು ಹಿಡಿಯಲು ನರಕೋಶಗಳ ಮೇಲಿರುವ ಗ್ರಾಹಕಗಳೆಂಬ ಭಾಗಗಳಿಗೆ ಈ ಮಾತ್ರೆಗಳು ಅಂಟಿಕೊಂಡು ಅದರ ಬಲವನ್ನು ಹೆಚ್ಚಿಸುತ್ತವೆ. ಬಹಳ ಕಾಲ ಹೀಗೆ ನಡೆದರೆ ಮಿದುಳು ಅದಕ್ಕೆ ಒಗ್ಗಿಕೊಂಡು, ಸಹಜವಾದ ಗಾಬಾಕ್ಕೆ ಮೊದಲಿನಷ್ಟು ಸ್ಪಂದಿಸುವುದನ್ನು ಬಿಡುತ್ತದೆ. ಮಾತ್ರೆ ಕಡಿಮೆಯಾದಾಗ ಎದೆ ಹೊಡೆದುಕೊಳ್ಳುವುದು, ಕಾಲಿನ ಮೀನಖಂಡಗಳು ಅದುರುವುದು, ನಿದ್ದೆ ಹಾರಿಹೋಗುವುದು ಎಲ್ಲ ಇದರ ಫಲ. ಗ್ರಾಹಕಗಳು ಮತ್ತೆ ಸರಿಹೋಗಬೇಕು, ಅದಕ್ಕೆ ಸಮಯ ಬೇಕು.

ಜೋಲ್ಪಿಡೆಮ್, ಜೋಪಿಕ್ಲೋನ್, ಎಸ್‌ಜೋಪಿಕ್ಲೋನ್ ಮಾತ್ರೆಗಳ ರಾಸಾಯನಿಕ ರಚನೆ ಬೇರೆ. ಹಾಗಾಗಿ ಇವು ಬೆಂಜೋಡಯಾಜೆಪೀನ್ ಅಲ್ಲ ಎಂದು ಹೇಳುವುದುಂಟು, ಕೇಳಿದವರಿಗೆ ಸಮಾಧಾನವೂ ಆಗುತ್ತದೆ. ಆದರೆ ಇವು ಹೋಗಿ ಕೂರುವುದು ಅದೇ ಗ್ರಾಹಕದ ಅದೇ ಜಾಗದಲ್ಲಿ. ಒಬ್ಬ ಸಾಹುಕಾರನ ಸಾಲ ತೀರಿಸಲು ಅವನ ಬಳಿಯೇ ಮಗನ ಹೆಸರಿನಲ್ಲಿ ಮತ್ತೊಂದು ಸಾಲ ಎತ್ತಿದ ಹಾಗಾಯಿತು. ಆಲ್‌ಪ್ರಜೋಲಾಮ್ ಲೆಕ್ಕದಲ್ಲಿ ಇಳಿಯುತ್ತದೆ, ಮಿದುಳಿಗೆ ಸಿಗಬೇಕಾದ ಬಿಡುವು ಮಾತ್ರ ಸಿಗುವುದಿಲ್ಲ. ಕೊನೆಗೆ ಜೋಲ್ಪಿಡೆಮ್ ಬಿಡುವಾಗ ಇದೇ ನಿದ್ರಾಹೀನತೆ ಮತ್ತೆ ಎದುರಾಗುತ್ತದೆ. ಅದರ ಮೇಲೆ ಜೋಲ್ಪಿಡೆಮ್‌ನ ಅರ್ಧ ಭಾಗ ಎರಡು ಮೂರು ಗಂಟೆಯಲ್ಲೇ ದೇಹದಿಂದ ಹೊರಹೋಗುತ್ತದೆ. ಹನ್ನೊಂದಕ್ಕೆ ನುಂಗಿದರೆ ಬೆಳಗಿನ ಜಾವದ ಎಚ್ಚರಕ್ಕೆ ಅದರಿಂದ ಹೆಚ್ಚಿನ ಸಹಾಯವಿಲ್ಲ. ಆಲ್‌ಪ್ರಜೋಲಾಮ್ ಇಳಿಸುವವರನ್ನು ಹೆಚ್ಚು ಕಾಡುವುದು ಆ ಎಚ್ಚರವೇ.

ಎರಡನ್ನೂ ಒಟ್ಟಿಗೆ ತೆಗೆದುಕೊಂಡಾಗ ಆಗುವ ಅಪಾಯ ಬೇರೆ. ಜೋಲ್ಪಿಡೆಮ್ ನುಂಗಿದ ಕೆಲವರು ಪೂರ್ತಿ ಎಚ್ಚರವಿಲ್ಲದೆಯೇ ಎದ್ದು ನಡೆದಿದ್ದಾರೆ, ಅಡುಗೆ ಮಾಡಿದ್ದಾರೆ, ವಾಹನವನ್ನೂ ಓಡಿಸಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದರ ಬಗ್ಗೆ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯನ್ನು ಮುದ್ರಿಸುವಂತೆ ಆದೇಶಿಸಿತು. ಮದ್ಯ ಅಥವಾ ನಿದ್ದೆ ತರಿಸುವ ಬೇರೆ ಔಷಧ ಜೊತೆಗಿದ್ದರೆ ಈ ಅಪಾಯ ಹೆಚ್ಚು. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ ಎಂದು ಅದೇ ಸಂಸ್ಥೆ 2013ರಲ್ಲಿ ಹೆಂಗಸರಿಗೆ ಹೇಳಿದ್ದ ಆರಂಭದ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಬೇರೊಬ್ಬರಿಗೆ ಬರೆದುಕೊಟ್ಟ ಪ್ರಮಾಣ ನಿಮಗೆ ಹೊಂದುತ್ತದೆ ಎನ್ನಲು ಯಾವ ಆಧಾರವೂ ಇಲ್ಲ.

ಹಾಗಾದರೆ ನಿದ್ದೆಗೆ ಏನು ಮಾಡಬೇಕು? ನನ್ನ ಉತ್ತರ ನಿಮಗೆ ಮೊದಲಿಗೆ ಹಿಡಿಸದಿರಬಹುದು: ಹೊಸ ಮಾತ್ರೆಯನ್ನು ಹುಡುಕುವ ಮುಂಚೆ ಹಳೆಯದನ್ನು ಇಳಿಸುವ ವೇಗವನ್ನು ನೋಡಿ. ನಿಮ್ಮ ವೇಗ ಹೆಚ್ಚಾಯಿತು ಎಂದೇ ನನ್ನ ಅನಿಸಿಕೆ. ಅಮೆರಿಕದ ವ್ಯಸನ ಚಿಕಿತ್ಸಾ ತಜ್ಞರ ಸಂಘವು ಬೇರೆ ವೈದ್ಯಕೀಯ ಸಂಘಗಳ ಜೊತೆ ಸೇರಿ 2025ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರತಂದಿದೆ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇ 5ರಿಂದ 10ರಷ್ಟು ಇಳಿಸುವುದನ್ನು ಆರಂಭದಲ್ಲಿ ಪರಿಗಣಿಸಿ, ಎರಡು ವಾರಕ್ಕೆ ಶೇ 25ನ್ನು ಸಾಮಾನ್ಯವಾಗಿ ಮೀರಬೇಡಿ ಎಂದು ಅದು ಹೇಳುತ್ತದೆ. ಎರಡು ವಾರಕ್ಕೊಮ್ಮೆ ಶೇ 10ರಂತೆ ಇಳಿಸಿದ್ದರೂ ಎರಡು ತಿಂಗಳ ನಂತರ ನಿಮ್ಮ ಬಳಿ ಮೂಲ ಪ್ರಮಾಣದ ಸುಮಾರು ಮೂರನೇ ಎರಡು ಭಾಗ ಉಳಿದಿರಬೇಕಿತ್ತು. ನೀವು ಅರ್ಧಕ್ಕೆ ಬಂದಿದ್ದೀರಿ. ಈಗಿರುವಲ್ಲೇ ಕೆಲವು ವಾರ ನಿಲ್ಲಬಹುದೇ ಎಂದು ವೈದ್ಯರನ್ನು ಕೇಳಿ. ನಿಲ್ಲುವುದು ಸೋಲಲ್ಲ, ಇಳಿಸುವ ಕ್ರಮದಲ್ಲಿ ಅದಕ್ಕೂ ಜಾಗವಿದೆ. ನಾನು ಒಂದು ಹಂತದಲ್ಲಿ ಹೀಗೆ ನಿಂತಾಗ ಯಾವ ಹೊಸ ಔಷಧವೂ ಇಲ್ಲದೆ ನಿದ್ದೆ ತಾನಾಗಿ ಸುಧಾರಿಸತೊಡಗಿತು.

ಶೇಕಡಾವಾರು ಲೆಕ್ಕವನ್ನು ಆಯಾ ಹೊತ್ತಿನ ಪ್ರಮಾಣದ ಮೇಲೆ ಹಾಕಬೇಕು, ಆರಂಭದ ಪ್ರಮಾಣದ ಮೇಲಲ್ಲ. 1 ಮಿಲಿಗ್ರಾಂನಿಂದ 0.875ಕ್ಕೆ ಬಂದರೆ ಎಂಟನೇ ಒಂದು ಭಾಗ ಕಡಿಮೆಯಾಯಿತು. 0.25ರಿಂದ 0.125ಕ್ಕೆ ಬಂದರೂ ಕಳೆದದ್ದು ಅಷ್ಟೇ ತೂಕ, ಆದರೆ ಅಲ್ಲಿ ಇದ್ದುದರಲ್ಲಿ ಅರ್ಧವೇ ಹೋಯಿತು. ಕೊನೆಯ ಮೆಟ್ಟಿಲುಗಳು ಕಡಿದಾಗಿ ತೋರುವುದು ಇದೇ ಕಾರಣಕ್ಕೆ.

ಮಾತ್ರೆ ತುಂಡು ಮಾಡುವ ಬಗ್ಗೆಯೂ ಒಂದು ಮಾತು. ಸಣ್ಣ ಮಾತ್ರೆಯನ್ನು ಅರ್ಧ ಮಾಡುವುದು ಸುಲಭ, ಕಾಲು ಮಾಡುವುದು ಕಷ್ಟ. ಬ್ಲೇಡ್ ಇರುವ ಪುಟ್ಟ ಡಬ್ಬಿಯಲ್ಲಿಟ್ಟು ಒತ್ತಿದರೆ ಒಂದು ಚೂರು ದಪ್ಪ, ಇನ್ನೊಂದು ತೆಳು, ಮೂಲೆಯಲ್ಲಿ ಒಂದಿಷ್ಟು ಬಿಳಿ ಪುಡಿ. ಇವತ್ತು ದಪ್ಪ ಚೂರು, ನಾಳೆ ತೆಳು ಚೂರು ನುಂಗಿದರೆ ಪ್ರಮಾಣ ದಿನದಿನವೂ ಏರಿಳಿಯುತ್ತದೆ, ಅದರ ಜೊತೆಗೇ ನಿದ್ದೆಯೂ. ನನ್ನ ವೈದ್ಯರು ಇದನ್ನು ಕೇಳಿದೊಡನೆ ದ್ರವರೂಪದ ಔಷಧಕ್ಕೆ ಬದಲಿಸಿಕೊಟ್ಟರು. ನಿಮಗೂ ದ್ರವ ಅಥವಾ ಕಡಿಮೆ ಮಿಲಿಗ್ರಾಂನ ಮಾತ್ರೆ ಸಿಗುತ್ತದೆಯೇ ಎಂದು ವಿಚಾರಿಸಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯಾದರೆ ತುಂಡು ಮಾಡಲೇಬೇಡಿ.

ಆಲ್‌ಪ್ರಜೋಲಾಮ್‌ನ ಇನ್ನೊಂದು ತೊಡಕು ಅದು ಬೇಗ ಇಳಿದುಹೋಗುವುದು. ಅರ್ಧ ಭಾಗ ಹೊರಹೋಗಲು ಸುಮಾರು 11 ಗಂಟೆ ಸಾಕು. ಡಯಾಜೆಪಾಮ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಪದಾರ್ಥಗಳು ದಿನಗಟ್ಟಲೆ ಉಳಿಯುತ್ತವೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆಗಳನ್ನು ಬಿಡಿಸುವ ಚಿಕಿತ್ಸಾಲಯ ನಡೆಸಿದ ಪ್ರೊಫೆಸರ್ ಹೆದರ್ ಆಷ್ಟನ್ ಇದೇ ಕಾರಣಕ್ಕೆ ರೋಗಿಗಳನ್ನು ಮೊದಲು ಡಯಾಜೆಪಾಮ್‌ಗೆ ಬದಲಿಸಿ ಆಮೇಲೆ ಇಳಿಸುವ ಕ್ರಮವನ್ನು ಪ್ರಚುರಪಡಿಸಿದರು. ವಯಸ್ಸಾದವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅದು ಒಗ್ಗದಿರಬಹುದು. ಸಮನಾದ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಬೇಕು, ನಾವು ಮನೆಯಲ್ಲಿ ಹಾಕುವ ಲೆಕ್ಕವಲ್ಲ ಅದು.

ವೇಗ ತಗ್ಗಿಸಿದ ಮೇಲೂ ನಿದ್ದೆ ಬಾರದಿದ್ದರೆ ಗಾಬಾ ಗ್ರಾಹಕವನ್ನು ಮುಟ್ಟದ ಔಷಧಗಳಿವೆ. ಕಡಿಮೆ ಪ್ರಮಾಣದ ಡಾಕ್ಸೆಪಿನ್, ಟ್ರಾಜೋಡೋನ್, ಮಿರ್ಟಾಜಪೀನ್ ಅನ್ನು ವೈದ್ಯರು ಇಂಥ ಸಂದರ್ಭದಲ್ಲಿ ಯೋಚಿಸುವುದುಂಟು. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ಸಂಕೇತವನ್ನು ತಡೆಯುವ ಸುವೊರೆಕ್ಸಾಂಟ್ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಅದರ ನಂತರ ಅದೇ ಬಗೆಯ ಇನ್ನೆರಡು ಬಂದಿವೆ. ಇವುಗಳಲ್ಲಿ ಯಾವುದೂ ಬರೀ ಉಪಕಾರಿಯಲ್ಲ. ಟ್ರಾಜೋಡೋನ್ ತೆಗೆದುಕೊಂಡವರಿಗೆ ರಾತ್ರಿ ದಡಕ್ಕನೆ ಎದ್ದಾಗ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು, ಮಿರ್ಟಾಜಪೀನ್ ಹಸಿವನ್ನೂ ತೂಕವನ್ನೂ ಹೆಚ್ಚಿಸಬಹುದು. ಮೆಲಟೋನಿನ್ ತೀರಾ ಸೌಮ್ಯ. ಮಲಗುವ ಹೊತ್ತು ತಪ್ಪಿದವರಿಗೆ ನೆರವಾದೀತು, ಮಾತ್ರೆ ಬಿಡುವಾಗಿನ ಉದ್ವೇಗಕ್ಕೆ ಅದು ಸಾಲದು. ಅಂಗಡಿಯಲ್ಲಿ ನೇರವಾಗಿ ಸಿಗುವ, ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್ ಜಾತಿಯ ಮಾತ್ರೆ ಕೆಲವೇ ದಿನಗಳಲ್ಲಿ ಪರಿಣಾಮ ಕಳೆದುಕೊಳ್ಳುತ್ತದೆ, ಮರುದಿನ ತಲೆ ಭಾರವಾಗಿಸುತ್ತದೆ, ವಯಸ್ಸಾದವರಲ್ಲಿ ಗೊಂದಲ ಹುಟ್ಟಿಸುತ್ತದೆ. ಪ್ರೆಗಾಬಾಲಿನ್, ಗಾಬಾಪೆಂಟಿನ್ ಬರೆದುಕೊಟ್ಟರೆ ಅವನ್ನು ಮುಂದೆ ಹೇಗೆ ಬಿಡುವುದು ಎಂದೂ ಆಗಲೇ ಕೇಳಿ, ಅವಕ್ಕೂ ದೇಹ ಒಗ್ಗಿಕೊಳ್ಳುತ್ತದೆ. ಮದ್ಯದ ಮಾತೇ ಬೇಡ. ಅದೂ ಗಾಬಾ ಗ್ರಾಹಕದ ಮೇಲೆಯೇ ಕೆಲಸ ಮಾಡುತ್ತದೆ, ಈ ಮಾತ್ರೆಗಳ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಯಾವುದೇ ಔಷಧವನ್ನು ಒಪ್ಪಿಕೊಂಡರೂ ಶುರುಮಾಡುವ ದಿನವೇ ನಿಲ್ಲಿಸುವ ದಿನವನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಈ ಒಂದು ವಿಷಯದಲ್ಲಿ ನನಗೆ ಹಟವಿದೆ. ನಮ್ಮಲ್ಲಿ ಬಹುಮಂದಿ ಈ ಸ್ಥಿತಿಗೆ ಬಂದದ್ದೇ 'ಸ್ವಲ್ಪ ದಿನಕ್ಕೆ' ಎಂದು ಶುರುವಾದ ಮಾತ್ರೆಯಿಂದ.

ಇನ್ನು ಯಾರೂ ಮುಂಚಿತವಾಗಿ ಹೇಳದ ಸಂಗತಿಯೊಂದು. ಬೆಂಜೋಡಯಾಜೆಪೀನ್‌ಗಳು ಗಾಢನಿದ್ದೆಯನ್ನು ಕಡಿಮೆ ಮಾಡುತ್ತವೆ, ಹೊಸ ನೆನಪು ಮೂಡದಂತೆಯೂ ಮಾಡುತ್ತವೆ. ಮಾತ್ರೆಯ ಕಾಲದಲ್ಲಿ ನೀವು ರಾತ್ರಿ ನಡುವೆ ಎಚ್ಚರಗೊಂಡಿದ್ದರೂ ಬೆಳಿಗ್ಗೆ ಅದರ ನೆನಪು ಇಲ್ಲದಿರಬಹುದು. ಈಗ ಪ್ರತಿ ಎಚ್ಚರವೂ ಲೆಕ್ಕಕ್ಕೆ ಸಿಗುತ್ತಿದೆ. ಅದರ ಜೊತೆಗೆ ಅದುಮಿಟ್ಟಿದ್ದ ಕನಸಿನ ನಿದ್ದೆ ಒಮ್ಮೆಲೇ ಮರಳುತ್ತದೆ. ನನ್ನ ಕನಸುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಎದ್ದ ಮೇಲೂ ಅಲ್ಲಿ ಆಡಿದ ಜಗಳದ ಬಿಸಿ ಮೈಯಲ್ಲಿರುತ್ತಿತ್ತು. ಹಾಸಿಗೆಯಂಚಿನಲ್ಲಿ ಕುಳಿತು, ಇದು ನಡೆದದ್ದಲ್ಲ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕಾಗುತ್ತಿತ್ತು. ಕನಸು ಬಿತ್ತೆಂದರೆ ನಿದ್ದೆ ಬಂದಿತ್ತು ಎಂದೇ ಅರ್ಥ ಎಂದು ವೈದ್ಯರು ನೆನಪಿಸಿದ್ದು ನನಗೆ ಬಹಳ ಧೈರ್ಯ ಕೊಟ್ಟಿತು.

ಎಲ್ಲಕ್ಕಿಂತ ನೆಚ್ಚಬಹುದಾದ ದಾರಿ ನಿದ್ರಾಹೀನತೆಗೆಂದೇ ರೂಪಿಸಿದ ಅರಿವು-ವರ್ತನಾ ಚಿಕಿತ್ಸೆ, ಸಿಬಿಟಿ. ಕೆನಡಾದ ಕ್ವಿಬೆಕ್‌ನಲ್ಲಿ ಚಾರ್ಲ್ಸ್ ಮೊರಿನ್ ಮತ್ತು ಸಂಗಡಿಗರು, ನಿದ್ದೆಗಾಗಿ ಬಹುಕಾಲ ಬೆಂಜೋಡಯಾಜೆಪೀನ್ ತೆಗೆದುಕೊಳ್ಳುತ್ತಿದ್ದ 76 ಹಿರಿಯರ ಮೇಲೆ ಅಧ್ಯಯನ ನಡೆಸಿ 2004ರಲ್ಲಿ ಪ್ರಕಟಿಸಿದರು. ಬರೀ ನಿಧಾನವಾಗಿ ಇಳಿಸಿದವರಲ್ಲಿ ಚಿಕಿತ್ಸೆಯ ಅವಧಿ ಮುಗಿದಾಗ ಶೇ 48ರಷ್ಟು ಜನ ಮಾತ್ರೆ ಬಿಟ್ಟಿದ್ದರು. ಇಳಿಸುವುದರ ಜೊತೆ ಈ ಚಿಕಿತ್ಸೆಯೂ ಸಿಕ್ಕವರಲ್ಲಿ ಶೇ 85. ಇಷ್ಟು ವ್ಯತ್ಯಾಸ ತರುವ ಉಪಾಯವನ್ನು ಮಾತ್ರೆಯ ಚೀಟಿಯಷ್ಟೇ ಸಹಜವಾಗಿ ಪ್ರತಿಯೊಬ್ಬರಿಗೂ ಬರೆದುಕೊಡಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಅದರ ತಿರುಳು ಸರಳ. ಯಾವಾಗ ಮಲಗಿದರೂ ಏಳುವ ಹೊತ್ತು ಒಂದೇ ಇರಬೇಕು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಇಪ್ಪತ್ತು ನಿಮಿಷದಷ್ಟು ಹೊರಳಾಡಿದೆವು ಎನಿಸಿದರೆ ಎದ್ದು ಬೇರೆ ಕಡೆ ಕುಳಿತು ಮಂದ ಬೆಳಕಿನಲ್ಲಿ ಸಪ್ಪೆಯಾದ ಏನಾದರೂ ಮಾಡಬೇಕು, ತೂಕಡಿಕೆ ಬಂದಾಗ ಮರಳಬೇಕು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಿ, ಇಪ್ಪತ್ತು ನಿಮಿಷವನ್ನು ಅಂದಾಜಿನಿಂದಲೇ ತಿಳಿಯಿರಿ. ನಾನು ಎದ್ದು ಒಗೆದ ಬಟ್ಟೆ ಮಡಚುತ್ತಿದ್ದೆ. ಮೊದಲ ಕೆಲವು ವಾರ ಇದರಿಂದ ಏನೂ ಆಗುತ್ತಿಲ್ಲ ಎನಿಸಿತು, ಆಮೇಲೆ ನಿದ್ದೆ ತುಂಡುತುಂಡಾಗಿಯೇ ಬರತೊಡಗಿ ಕ್ರಮೇಣ ಕೂಡಿಕೊಂಡಿತು.

ಈ ಚಿಕಿತ್ಸೆಯಲ್ಲಿ ಹಾಸಿಗೆಯ ಸಮಯವನ್ನು ಐದಾರು ಗಂಟೆಗೆ ಮೊಟಕುಗೊಳಿಸುವ ಭಾಗವೂ ಇದೆ. ಅದನ್ನು ಮಾತ್ರ ಸ್ವಂತ ಬುದ್ಧಿಯಿಂದ ಮಾಡಬೇಡಿ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ, ಈ ಮಾತ್ರೆ ಇಳಿಸುವಾಗಲೂ ಹೆಚ್ಚುತ್ತದೆ. ಹಿಂದೆ ಫಿಟ್ಸ್ ಬಂದಿದ್ದವರು, ಬೈಪೋಲಾರ್ ಕಾಯಿಲೆ ಇರುವವರು ತಜ್ಞರಿಗೆ ಮೊದಲೇ ತಿಳಿಸಬೇಕು. ರಾತ್ರಿ ಜೋರಾದ ಗೊರಕೆ, ಉಸಿರುಗಟ್ಟಿ ಏಳುವುದು ಇದ್ದರೆ ಅದನ್ನೂ ಹೇಳಿ, ನಿದ್ದೆ ಕೆಡಲು ಮಾತ್ರೆ ಬಿಡುತ್ತಿರುವುದೊಂದೇ ಕಾರಣವಾಗಿರಬೇಕಿಲ್ಲ.

ಬೇಸತ್ತು ಉಳಿದ ಆಲ್‌ಪ್ರಜೋಲಾಮ್ ಅನ್ನು ಒಮ್ಮೆಲೇ ಬಿಟ್ಟುಬಿಡುವ ಯೋಚನೆ ಬಂದರೆ ಅದನ್ನು ತಡೆಯಿರಿ, ಹಠಾತ್ತನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಅಥವಾ ಕೇಳಿಸಿದರೆ, ಎಲ್ಲಿದ್ದೇವೆ ಎಂಬ ಅರಿವು ತಪ್ಪಿದರೆ, ಜ್ವರದೊಡನೆ ಮೈ ವಿಪರೀತ ನಡುಗಿದರೆ, ಬದುಕು ಬೇಡ ಎನಿಸತೊಡಗಿದರೆ ಬೆಳಗಾಗುವವರೆಗೆ ಕಾಯದೆ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಹೇಳಬೇಕಾದದ್ದು ಯಾವ ಮಾತ್ರೆ, ಎಷ್ಟಿತ್ತು, ಈಗ ಎಷ್ಟು, ಕೊನೆಯ ಬಾರಿ ಇಳಿಸಿದ್ದು ಯಾವಾಗ ಎಂಬುದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೂ ಕೈಗೆಟಕುವ ಕಡೆ ಇಡಿ. ಅದರ ಕೆಳಗೆ ದಿನವೂ ಮಲಗಿದ ಹೊತ್ತು, ಎದ್ದ ಹೊತ್ತು, ನುಂಗಿದ ಪ್ರಮಾಣವನ್ನು ಒಂದೊಂದು ಸಾಲು ಬರೆಯುತ್ತಾ ಹೋದರೆ, ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರು ಯಾವ ಇಳಿತದ ನಂತರ ನಿದ್ದೆ ಕೆಟ್ಟಿತು ಎಂದು ಅದರಿಂದಲೇ ಗುರುತಿಸಬಹುದು.