ಡ್ರೈವ್‌ನ ತಾಳಮದ್ದಳೆ ಸಂಗ್ರಹ ಮನೆಯ ನ್ಯಾಸ್‌ಗೆ: ಎರಡೂ ಕಡೆಯ ಸಿಂಕ್ ಇಡಬೇಡಿ

ಮಾಷ್ಟ್ರೇ, ನಿಮ್ಮ ಪ್ರಶ್ನೆಯೊಳಗೆ ಎರಡು ಬೇಡಿಕೆ ಇದೆ. ಗೂಗಲ್ ಡ್ರೈವ್‌ನಲ್ಲಿರುವ 180 ಜಿಬಿ ತಾಳಮದ್ದಳೆ ರೆಕಾರ್ಡಿಂಗ್ ಮತ್ತು ಮನೆಗೆ ತಂದ ಎರಡು ಡಿಸ್ಕಿನ ಸಿನಾಲಜಿ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಸದಾ ಒಂದೇ ಥರ ಇರಬೇಕು ಅನ್ನುವುದು ಒಂದು. 200 ಜಿಬಿ ಪ್ಲಾನ್ ತುಂಬುತ್ತ ಬಂದದ್ದರಿಂದ ಹಳೆಯ ವರ್ಷಗಳದ್ದನ್ನು ಡ್ರೈವ್‌ನಿಂದ ಅಳಿಸಿ ಜಾಗ ಮಾಡಬೇಕು ಅನ್ನುವುದು ಇನ್ನೊಂದು. ಇವೆರಡೂ ಒಟ್ಟಿಗೆ ಆಗುವುದಿಲ್ಲ. ಎರಡೂ ಕಡೆ ಒಂದೇ ಇರಲಿ ಎಂದು ಸಿಂಕ್‌ಗೆ ಹೇಳಿದ ಮೇಲೆ, ಡ್ರೈವ್‌ನಲ್ಲಿ ಅಳಿಸಿದ್ದನ್ನು ಅದು ನ್ಯಾಸ್‌ನಲ್ಲೂ ಅಳಿಸಿಯೇ ಅಳಿಸುತ್ತದೆ. ಹಾಗಾಗಿ ಮೊದಲು ದಿಕ್ಕು ತೀರ್ಮಾನ ಮಾಡಿ, ಉಳಿದದ್ದು ಆಮೇಲೆ.

ನಿಮಗೆ ಬೇಕಾದದ್ದು ಡ್ರೈವ್‌ನಿಂದ ನ್ಯಾಸ್‌ಗೆ ಮಾತ್ರ ಇಳಿಯುವ ಒಂದು ದಾರಿ, ಹೊಸ ರೆಕಾರ್ಡಿಂಗ್ ನ್ಯಾಸ್‌ನಿಂದ ಡ್ರೈವ್‌ಗೆ ಮಾತ್ರ ಹತ್ತುವ ಇನ್ನೊಂದು ದಾರಿ. ಎರಡಕ್ಕೂ ಬೇರೆ ಬೇರೆ ಫೋಲ್ಡರ್.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹೊಸ ಶೇರ್ಡ್ ಫೋಲ್ಡರ್ ಮಾಡಿ. ನ್ಯಾಸ್‌ನ ವಾಲ್ಯೂಮ್ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿದ್ದರೆ ಡೇಟಾ ಚೆಕ್‌ಸಮ್ (ಫೈಲ್ ಕೆಟ್ಟಿದೆಯೇ ಎಂದು ಪತ್ತೆ ಮಾಡುವ ಲೆಕ್ಕ) ಚೌಕಕ್ಕೆ ಗುರುತು ಹಾಕಿ, ಇದನ್ನು ಫೋಲ್ಡರ್ ಮಾಡುವಾಗಲೇ ಹಾಕಬೇಕು. ಅದರೊಳಗೆ 'ಸಂಗ್ರಹ' ಮತ್ತು 'ಹೊಸತು' ಎಂದು ಎರಡು ಫೋಲ್ಡರ್ ಇರಲಿ. ಪ್ಯಾಕೇಜ್ ಸೆಂಟರ್‌ನಿಂದ ಸಿನಾಲಜಿಯದೇ ಆದ ಕ್ಲೌಡ್ ಸಿಂಕ್ ಆ್ಯಪ್ ಹಾಕಿಕೊಂಡು, ಗೂಗಲ್ ಡ್ರೈವ್ ಆರಿಸಿ, ಬ್ರೌಸರ್‌ನಲ್ಲಿ ಲಾಗಿನ್ ಆಗಿ ಅನುಮತಿ ಕೊಡಿ. ಲೋಕಲ್ ಪಾತ್‌ಗೆ 'ಸಂಗ್ರಹ', ರಿಮೋಟ್ ಪಾತ್‌ಗೆ ಡ್ರೈವ್‌ನ ತಾಳಮದ್ದಳೆ ಫೋಲ್ಡರ್ ಮಾತ್ರ. ಇಡೀ ಡ್ರೈವ್ ಆರಿಸಿದರೆ ಆಧಾರ್ ಸ್ಕ್ಯಾನ್, ಬ್ಯಾಂಕ್ ಕಾಗದ ಎಲ್ಲ ಮನೆಮಂದಿ ಹಾಡು ಕೇಳುವ ಫೋಲ್ಡರ್‌ಗೆ ಬಂದು ಕೂರುತ್ತದೆ.

ಸಿಂಕ್ ಡೈರೆಕ್ಷನ್‌ನಲ್ಲಿ 'ಡೌನ್‌ಲೋಡ್ ರಿಮೋಟ್ ಚೇಂಜಸ್ ಓನ್ಲಿ' ಆರಿಸಿ. ಒಂದೇ ದಿಕ್ಕು ಆರಿಸಿದ ಮೇಲೆ, ಮೂಲದಲ್ಲಿ ಅಳಿಸಿದರೂ ಇಲ್ಲಿ ಅಳಿಸಬೇಡ ಎಂಬರ್ಥದ ಇನ್ನೊಂದು ಚೌಕ ಸಿಗುತ್ತದೆ. ಅದಕ್ಕೆ ಗುರುತು ಹಾಕಲೇಬೇಕು. ಬರೀ ಡೌನ್‌ಲೋಡ್ ದಿಕ್ಕು ಇಟ್ಟು ಈ ಚೌಕ ಬಿಟ್ಟರೆ ಅಳಿಸುವಿಕೆಯೂ ಇಳಿದು ಬರುತ್ತದೆ. ನಿಮ್ಮ ಇಡೀ ಯೋಜನೆ ನಿಂತಿರುವುದು ಈ ಒಂದು ಗುರುತಿನ ಮೇಲೆ. ಡೇಟಾ ಎನ್‌ಕ್ರಿಪ್ಷನ್ ಚೌಕ ಖಾಲಿ ಬಿಡಿ. ಹತ್ತಿಸುವ ಕಡೆ ಅದನ್ನು ಹಾಕಿದರೆ ಡ್ರೈವ್‌ನಲ್ಲಿ ಕೂತ ಫೈಲನ್ನು ಫೋನಿನಲ್ಲಿ ತೆರೆದು ಕೇಳಲು ಆಗುವುದಿಲ್ಲ.

ಅದೇ ಕನೆಕ್ಷನ್‌ಗೆ ಎರಡನೇ ಟಾಸ್ಕ್ ಸೇರಿಸಿ: 'ಹೊಸತು' ಫೋಲ್ಡರ್, ಡ್ರೈವ್‌ನಲ್ಲಿ ಅದಕ್ಕೆಂದೇ ಬೇರೆ ಫೋಲ್ಡರ್, ದಿಕ್ಕು ಅಪ್‌ಲೋಡ್ ಮಾತ್ರ. ಕತ್ತರಿಸುವುದು, ಗದ್ದಲ ತೆಗೆಯುವುದು, ಹೆಸರು ತಿದ್ದುವುದು ಯಾವುದನ್ನೂ 'ಸಂಗ್ರಹ'ದೊಳಗೆ ಮಾಡಬೇಡಿ. ಅಲ್ಲಿ ಕೈಯಾಡಿಸಿದ ಫೈಲ್ ಡ್ರೈವ್‌ನ ಪ್ರತಿಗಿಂತ ಬೇರೆಯಾಗಿ ಉಳಿದುಬಿಡುತ್ತದೆ, ಕೊನೆಗೆ ಯಾವುದು ಮೂಲ ಎಂದು ತಿಳಿಯುವುದಿಲ್ಲ. ಮನೆಯ ಉಳಿದ ಯೂಸರ್‌ಗಳಿಗೆ ಈ ಶೇರ್ಡ್ ಫೋಲ್ಡರ್ ರೀಡ್ ಓನ್ಲಿ ಇರಲಿ.

ಸಮಯದ ಲೆಕ್ಕ: ಇಂಟರ್‌ನೆಟ್ ವೇಗ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ. 180 ಜಿಬಿಗೆ ಕಾಗದದ ಮೇಲೆ 4 ಗಂಟೆ. ಸಣ್ಣ ಫೈಲ್ ಬಹಳ ಇದ್ದರೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಒಂದು ರಾತ್ರಿ ಬಿಟ್ಟುಬಿಡಿ. ಸಂಗ್ರಹ ಇಳಿದು ಮುಗಿದ ಮೇಲೆ ಪೋಲಿಂಗ್ ಅವಧಿ (ಡ್ರೈವ್‌ನಲ್ಲಿ ಹೊಸತೇನಿದೆ ಎಂದು ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಎಂಬುದು) ಹೆಚ್ಚಿಸಿ. ಅದು ಮೊದಲಿಗೆ 10 ಸೆಕೆಂಡ್ ಇರುತ್ತದೆ, ಹಾಗೇ ಬಿಟ್ಟರೆ ಡಿಸ್ಕ್ ಮಲಗುವುದೇ ಇಲ್ಲ. ಶೆಡ್ಯೂಲ್‌ನಲ್ಲಿ ರಾತ್ರಿ 1ರಿಂದ 5 ಮಾತ್ರ ಗುರುತಿಸಿದರೂ ಸಾಕು. ರೂಟರ್‌ನಲ್ಲಿ ಯಾವ ಪೋರ್ಟನ್ನೂ ತೆರೆಯುವುದು ಬೇಡ. ಕ್ಲೌಡ್ ಸಿಂಕ್ ಒಳಗಿನಿಂದ ಹೊರಗೆ ಹೋಗಿ ಕೇಳುತ್ತದೆ, ಆದ್ದರಿಂದ ನಿಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಪಬ್ಲಿಕ್ ಐಪಿ ಇಲ್ಲದಿದ್ದರೂ ನಡೆಯುತ್ತದೆ. 2022ರಲ್ಲಿ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಹಿಡಿದದ್ದು ಇಂಟರ್‌ನೆಟ್‌ಗೆ ನೇರ ತೆರೆದಿಟ್ಟ, ಕ್ಯೂನ್ಯಾಪ್ ಎಂಬ ಇನ್ನೊಂದು ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನು.

ಇನ್ನು ಕನ್ನಡ ಹೆಸರಿನ ಫೈಲ್‌ಗಳ ವಿಷಯ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಇದು ಎದುರಾಗುವುದೇ ಅಪರೂಪ, ಆದ್ದರಿಂದ ಸಹಾಯ ಪುಟಗಳಲ್ಲಿ ಹುಡುಕಿದರೂ ಬೇಗ ಸಿಗುವುದಿಲ್ಲ. ನ್ಯಾಸ್‌ನ ಡಿಸ್ಕಿನಲ್ಲಿ ಒಂದು ಫೈಲ್ ಹೆಸರಿಗೆ ಗರಿಷ್ಠ 255 ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಅಂಶಕ್ಕೆ 3 ಬೈಟ್ ಬೇಕು, ಕಾಗುಣಿತದ ಚಿಹ್ನೆ ಮತ್ತು ಒತ್ತಕ್ಷರದ ನಡುವೆ ಅಡಗಿರುವ ಹಲಂತ ಚಿಹ್ನೆಗೂ ಅಷ್ಟೇ. 'ತಾಳಮದ್ದಳೆ' ಕಣ್ಣಿಗೆ 5 ಅಕ್ಷರ, ಒಳಗೆ 9 ಅಂಶ, 27 ಬೈಟ್. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಸ್ಥಳ, ತಾರೀಕು ಎಲ್ಲವನ್ನೂ ಹೆಸರಿನಲ್ಲೇ ತುಂಬುವುದು ನಮ್ಮ ಬಳಗದ ರೂಢಿ. ಡ್ರೈವ್ ಅದನ್ನು ಒಪ್ಪುತ್ತದೆ, ನ್ಯಾಸ್ ಒಪ್ಪುವುದಿಲ್ಲ. ಆ ಫೈಲ್ ಇಳಿಯದೆ ಲಾಗ್‌ನಲ್ಲಿ ಎರರ್ ಆಗಿ ಉಳಿಯುತ್ತದೆ. ಶೇರ್ಡ್ ಫೋಲ್ಡರ್‌ಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಇನ್ನೂ ಇಕ್ಕಟ್ಟು: ಮಿತಿ 143 ಬೈಟ್, ಅಂದರೆ ಬರೀ 47 ಅಂಶ. ಎನ್‌ಕ್ರಿಪ್ಷನ್ ಬೇಕೇ ಬೇಕು ಎಂದಾದರೆ ಡಿಎಸ್‌ಎಂ (ಸಿನಾಲಜಿ ನ್ಯಾಸ್ ನಡೆಸುವ ತಂತ್ರಾಂಶ) 7.2ರಿಂದ ಬಂದ ಇಡೀ ವಾಲ್ಯೂಮಿನ ಎನ್‌ಕ್ರಿಪ್ಷನ್ ಬಳಸಿ. ಅದು ಡಿಸ್ಕ್ ಮಟ್ಟದಲ್ಲೇ ಬೀಗ ಹಾಕುವುದರಿಂದ ಹೆಸರಿನ ಉದ್ದಕ್ಕೆ ತೊಂದರೆ ಇಲ್ಲ. ತಾರೀಕು, ಪ್ರಸಂಗ, ಊರು ಇಷ್ಟನ್ನು ಹೆಸರಿನಲ್ಲಿಟ್ಟು ಕಲಾವಿದರ ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿ ಇಡುವುದು ನನ್ನ ಪ್ರಕಾರ ಒಳ್ಳೆಯದು.

ಒಂದೇ ಹೆಸರಿನ ಎರಡು ಫೈಲ್ ಕಂಡರೂ ಗಾಬರಿ ಬೇಡ. 'ಕೋ' ಎಂಬುದನ್ನು ಕ ಮತ್ತು ಒಂದೇ ಓಕಾರದ ಚಿಹ್ನೆಯಾಗಿಯೂ ಬರೆದಿಡಬಹುದು, ಆ ಚಿಹ್ನೆಯನ್ನು ಮೂರು ತುಂಡು ಮಾಡಿಯೂ ಬರೆದಿಡಬಹುದು. ತೆರೆಯ ಮೇಲೆ ಎರಡೂ ಒಂದೇ, ಡಿಸ್ಕಿಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಹೀಗೆ ತುಂಡು ಮಾಡಿಯೇ ಇಡುತ್ತದೆ. ಕೋಟ, ಸಾಲಿಗ್ರಾಮದ ಮಿತ್ರರು ಮ್ಯಾಕ್‌ನಿಂದ ಹಾಕಿದ್ದೂ ನೀವು ವಿಂಡೋಸ್‌ನಿಂದ ಹಾಕಿದ್ದೂ ಹೀಗೆ ಜೋಡಿಯಾಗಿ ನಿಂತಿರಬಹುದು. ಎರಡನ್ನೂ ಆಡಿಸಿ ನೋಡಿ, ಅವಧಿ ಮತ್ತು ಗಾತ್ರ ಹೊಂದಿದರೆ ಮಾತ್ರ ಒಂದನ್ನು ತೆಗೆಯಿರಿ. ಇದರ ಜೊತೆಗೆ, ಡ್ರೈವ್ ಒಂದೇ ಫೋಲ್ಡರ್‌ನಲ್ಲಿ ಅಕ್ಷರಶಃ ಒಂದೇ ಹೆಸರಿನ ಎರಡು ಫೈಲ್ ಇಟ್ಟುಕೊಳ್ಳಲು ಬಿಡುತ್ತದೆ. ನ್ಯಾಸ್‌ನಲ್ಲಿ ಅದು ಸಾಧ್ಯವಿಲ್ಲ, ಹಾಗಾಗಿ ಮೊದಲೇ ಹೆಸರು ಬೇರೆ ಮಾಡಿ.

ನಿಮ್ಮ ಗೂಗಲ್ ಶೀಟ್ ಪಟ್ಟಿ ನಿಜಕ್ಕೂ ಫೈಲ್ ಅಲ್ಲ, ಸುಮ್ಮನೆ ಇಳಿಸಿದರೆ ಸಿಗುವುದು ಕೊಂಡಿ ಮಾತ್ರ. ಡೌನ್‌ಲೋಡ್ ಮಾತ್ರದ ದಿಕ್ಕಿನಲ್ಲಿ ಆಫೀಸ್ ಫೈಲಾಗಿ ಬದಲಿಸುವ ಆಯ್ಕೆ ಇದೆ, ಹಾಕಿಕೊಳ್ಳಿ. 'ಶೇರ್ಡ್ ವಿತ್ ಮಿ'ಯಲ್ಲಿ ಕಾಣುವ ಬೇರೆಯವರ ರೆಕಾರ್ಡಿಂಗ್ ತಾನಾಗಿ ಇಳಿಯುವುದಿಲ್ಲ. ಅದು ಅವರ ಖಾತೆಯಲ್ಲಿರುವುದು, ಅವರು ಅಳಿಸಿದ ದಿನ ನಿಮಗೂ ಇಲ್ಲ. ಬೇಕಾದವನ್ನು ಕೇಳಿಕೊಂಡು ಪ್ರತಿ ಮಾಡಿ ಮೈ ಡ್ರೈವ್‌ಗೆ ತನ್ನಿ.

ಅಳಿಸುವ ಮುನ್ನ ತಾಳೆ ನೋಡಬೇಕು. ಫೈಲ್ ಎಣಿಕೆ ಸಾಲದು. ಕಂಪ್ಯೂಟರಿನಲ್ಲಿ ಆರ್‌ಕ್ಲೋನ್ ಎಂಬ ಫೈಲ್ ಸಾಗಿಸುವ ತಂತ್ರಾಂಶ ಹಾಕಿ ಅದರ 'ಚೆಕ್' ಆದೇಶ ಕೊಟ್ಟರೆ ಡ್ರೈವ್ ಮತ್ತು ನ್ಯಾಸ್ ಎರಡರ ಗಾತ್ರ, ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿ ಯಾವುದು ಇಳಿದಿಲ್ಲ ಎಂದು ಪಟ್ಟಿ ಕೊಡುತ್ತದೆ. (ಸಿನಾಲಜಿ ಇಲ್ಲದವರು ಇಳಿಸುವುದಕ್ಕೂ ಇದನ್ನೇ ಬಳಸಬಹುದು. 'ಕಾಪಿ' ಆದೇಶ ಕೊಡಿ, 'ಸಿಂಕ್' ಬೇಡ. ಎರಡನೆಯದು ಗುರಿಯಲ್ಲಿ ಹೆಚ್ಚಾಗಿರುವುದನ್ನು ಅಳಿಸುತ್ತದೆ.) ಆಮೇಲೆ ಡ್ರೈವ್‌ನಲ್ಲಿ ಒಂದು ಸಣ್ಣ ಪರೀಕ್ಷಾ ಫೈಲ್ ಹಾಕಿ, ಅದು ಇಳಿಯಲಿ, ಡ್ರೈವ್‌ನಿಂದ ಅಳಿಸಿ, ಮರುದಿನ ನ್ಯಾಸ್‌ನಲ್ಲಿ ಇದೆಯೇ ನೋಡಿ. ಇದ್ದರೆ ಹಳೆಯ ಒಂದು ವರ್ಷದ ಫೋಲ್ಡರ್ ಮಾತ್ರ ಅಳಿಸಿ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅಲ್ಲಿರುವಷ್ಟು ಕಾಲ ಪ್ಲಾನ್‌ನ ಜಾಗವೂ ಖಾಲಿಯಾಗುವುದಿಲ್ಲ.

ಅಳಿಸಿದ ಗಳಿಗೆಯಿಂದ ಆ ವರ್ಷದ ರೆಕಾರ್ಡಿಂಗ್‌ಗೆ ನ್ಯಾಸ್ ಒಂದೇ ಮನೆ. ಎರಡು ಡಿಸ್ಕ್ ಇದ್ದರೂ ಅದು ಬ್ಯಾಕಪ್ ಅಲ್ಲ, ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಅಳಿದಿರುತ್ತದೆ. ಅದಕ್ಕೇ ಅಳಿಸುವ ಮುನ್ನವೇ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಸಿನಾಲಜಿಯ ಹೈಪರ್ ಬ್ಯಾಕಪ್ ಆ್ಯಪ್‌ನಿಂದ ಒಂದು ಪ್ರತಿ ತೆಗೆಯಿರಿ. ಡಿಸ್ಕಿನ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಇಎಕ್ಸ್‌ಟಿ4 ಮಾಡಿಕೊಳ್ಳಿ. ಸಿಡಿ ಗುಣಮಟ್ಟದ ವೇವ್ ಗಂಟೆಗೆ ಸುಮಾರು 635 ಎಂಬಿ, ಇಡೀ ರಾತ್ರಿಯ ಕೂಟಕ್ಕೆ ಜಾಗ ಅಂದಾಜು ಮಾಡಿ ಡಿಸ್ಕ್ ಕೊಳ್ಳಿ. ಪ್ರತಿ ತೆಗೆದ ಮೇಲೆ ಡಿಸ್ಕನ್ನು ಬಿಚ್ಚಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಕರಾವಳಿಯ ಏಪ್ರಿಲ್, ಮೇ ಸಿಡಿಲಿಗೆ ಫೈಬರ್ ಎಳೆ ಹೆದರುವುದಿಲ್ಲ, ಆದರೆ ಮೋಡೆಮಿನ ವಿದ್ಯುತ್ ತಂತಿಯಿಂದ ಲ್ಯಾನ್ ಕೇಬಲ್ ಹಿಡಿದು ನ್ಯಾಸ್‌ವರೆಗೂ ಹೊಡೆತ ಬರಬಹುದು. ಗುಡುಗು ಶುರುವಾದರೆ ನ್ಯಾಸ್ ಶಟ್‌ಡೌನ್ ಮಾಡಿ ಅದರ ಕರೆಂಟ್, ಲ್ಯಾನ್ ಎರಡೂ ತಂತಿ ಎಳೆಯಿರಿ. ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಡೇಟಾ ಪೋರ್ಟ್ ಇರುವುದನ್ನೇ ಕೇಳಿ. ಅದಿದ್ದರೆ ಕರೆಂಟ್ ಹೋದಾಗ ನ್ಯಾಸ್ ತಾನೇ ಸುರಕ್ಷಿತವಾಗಿ ನಿಲ್ಲುತ್ತದೆ.

ಮೊದಲ ರಾತ್ರಿ ಆದ ಮೇಲೆ ಕ್ಲೌಡ್ ಸಿಂಕ್‌ನ ಹಿಸ್ಟರಿಯಲ್ಲಿ ಎರರ್ ಇರುವ ಸಾಲುಗಳನ್ನು ಇಲ್ಲಿ ಹಾಕಿ, ಹೆಸರಿನ ಉದ್ದದ್ದು ಯಾವುದು, ಬೇರೆ ಕಾರಣದ್ದು ಯಾವುದು ಎಂದು ವಿಂಗಡಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಡ್ರೈವ್‌ನಿಂದ ಏನನ್ನೂ ಅಳಿಸಬೇಡಿ.